ಎಂಜಲು ಕೈ

"ಇದರ ಎದುರು ಕೂತು ಊಟ ಮಾತ್ರ ಮಾಡಬೇಡಿ, ಅಕ್ಕಾ," ಎಂದಳು ತೆರೇಸಾ. "ಒಂದು ಬಿಸ್ಕಿಟ್ ಸಹ ಬೇಡ."

ಪ್ರಣೀತಾ ಬಾಳೆಎಲೆಯ ಸುರುಳಿಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿದಳು. "ಯಾಕೆ, ಚಿತ್ರಕ್ಕೆ ಹೊಟ್ಟೆ ಉಂಟಾ?"

"ಹೊಟ್ಟೆ ಇಲ್ಲ. ಬಾಗಿಲು ಉಂಟು."

ಪ್ರಣೀತಾ ನಕ್ಕಳು. ಅರ್ಧ ಖಾಲಿಯಾದ ವಿಲ್ಲಾದ ಗೋಡೆಗಳು ಆ ನಗುವನ್ನು ಅವಳಿಗೇ ಹಿಂತಿರುಗಿಸಿದವು.

ಆ ಶುಕ್ರವಾರ ಅವಳು ಅಲ್ ಮವಾಲೇಹ್‌ಗೆ ಬಂದದ್ದು ತರಕಾರಿ ಮಾರುಕಟ್ಟೆಯಲ್ಲಿ ಬಾಳೆಎಲೆ ಕೊಳ್ಳಲು. ಅದೂ ಅತ್ತೆಯ ವರಾತ ತಡೆಯಲಾರದೆ. ಹತ್ತಿರದಲ್ಲೇ ಇಂಗ್ಲಿಷ್ ಮುದುಕಿಯೊಬ್ಬಳು ಒಮಾನ್ ಬಿಟ್ಟು ಊರಿಗೆ ಹೊರಟಿದ್ದಾಳೆ, ಮನೆಯ ಸಾಮಾನೆಲ್ಲ ಮಾರಾಟಕ್ಕಿದೆ ಎಂದು ಆಫೀಸಿನ ವಾಟ್ಸ್ಯಾಪ್ ಗುಂಪಿನಲ್ಲಿ ಓದಿದ್ದಳು. ಮಾರುವ ಹೊಣೆ ಮನೆಗೆಲಸದ ತೆರೇಸಾಳದ್ದು, ಬಜ್ಪೆಯವಳು. ಪ್ರಣೀತಾಳಿಗೆ ಬೇಕಿದ್ದದ್ದು ಗೋಡೆಯ ಮೇಲಿನ ಕಲೆ ಮುಚ್ಚುವಷ್ಟು ದೊಡ್ಡದೊಂದು ಚಿತ್ರ. ದಾರ್ಸೈಟ್‌ನ ಅವಳ ಫ್ಲ್ಯಾಟಿನಲ್ಲಿ ಎಸಿ ಸೋರಿ ಸೋರಿ ಮಗಳ ಕೋಣೆಯ ಗೋಡೆ ಹಸಿರುಗಟ್ಟಿತ್ತು. ಕಟ್ಟಡದ ಕಾವಲುಗಾರ ಅಲಿಗೆ ಹತ್ತು ಸಲ ಹೇಳಿದ್ದಾಯಿತು. ಹತ್ತು ಸಲವೂ ಅವನು ಎದೆಯ ಮೇಲೆ ಕೈಯಿಟ್ಟು, "ಬುಕ್ರಾ, ಸಿಸ್ಟರ್, ಬುಕ್ರಾ" ಎಂದಿದ್ದ. ನಾಳೆ. ನಾಲ್ಕು ತಿಂಗಳಾದರೂ ಆ ನಾಳೆ ಬಂದಿರಲಿಲ್ಲ.

ಚಿತ್ರ ಜಲವರ್ಣದ್ದು. ಕಪ್ಪು ತೊಲೆಗಳ ಚೌಕಟ್ಟಿಗೆ ಸುಣ್ಣದ ಗೋಡೆ ತುಂಬಿ ಕಟ್ಟಿದ ಹಳೆಯ ಎರಡಂತಸ್ತಿನ ಮನೆ. ಮೇಲಂತಸ್ತು ಕೆಳಗಿನದಕ್ಕಿಂತ ಮುಂದೆ ಚಾಚಿ, ಏನೋ ಕೇಳಿಸಿಕೊಳ್ಳುವವರ ಹಾಗೆ ಬೀದಿಯ ಕಡೆಗೆ ಬಾಗಿತ್ತು. ಒದ್ದೆ ಕಲ್ಲುದಾರಿ. ಮುಚ್ಚಿದ ಬಾಗಿಲು. ಒಂಬತ್ತು ಕಿಟಕಿಗಳು, ಒಂಬತ್ತಕ್ಕೂ ಒಳಗಿನಿಂದ ಕರಿ ಬಟ್ಟೆ.

"ದಾರಿಯಲ್ಲಿ ಹೋಗುವವರು ಉಂಡು ಮಲಗುವ ಹೋಟೆಲ್ ಅಂತೆ ಅದು," ಎಂದಳು ತೆರೇಸಾ. "ಹಿಟ್ಲರನ ಯುದ್ಧದ ಸಮಯ. ರಾತ್ರಿ ವಿಮಾನ ಬರ್ತದೆ, ಬಾಂಬು ಹಾಕ್ತದೆ. ಹಾಗಾಗಿ ಬೆಳಕು ಹೊರಗೆ ಕಾಣಬಾರದು ಅಂತ ಕರಿ ಬಟ್ಟೆ. ಹೋಟೆಲಿನ ಹೆಂಗಸಿನ ಮಗ ಊಟಕ್ಕೆ ಕೂತಿದ್ದ. ಅರ್ಧ ಊಟದಲ್ಲಿ ಪಟಾಲಮ್ಮಿನಿಂದ ಕರೆ ಬಂತು, ಎದ್ದು ಹೋದ. ಮತ್ತೆ ಬರಲೇ ಇಲ್ಲ. ಅವನ ಅಂಗಿ ನೆನೆಸಿದ ನೀರಿನಲ್ಲಿ ಬಣ್ಣ ಕಲಸಿ ಅವಳು ಇದನ್ನು ಬರೆದದ್ದಂತೆ. ಏನೋ ಮಂತ್ರ ಹೇಳ್ತಾ. ಇನ್ನು ಯಾರೂ ಎದ್ದು ಹೋಗಬಾರದು ಅಂತ."

"ನಿಮ್ಮ ಮೇಡಂ ಇದನ್ನೆಲ್ಲ ನಂಬ್ತಾರಾ?"

"ಹತ್ತೊಂಬತ್ತು ವರ್ಷ ಸ್ಟೋರಿನಲ್ಲಿ, ಗೋಡೆ ಕಡೆಗೆ ಮುಖ ಮಾಡಿ ಇಟ್ಟದ್ದು ಅವರು. ಸಾರ್ ತೀರಿಹೋದ ಮೇಲೆ."

"ಅಷ್ಟು ಹೆದರಿಕೆಯಾದರೆ ಸುಟ್ಟು ಬಿಡಬಹುದಿತ್ತಲ್ಲ."

ತೆರೇಸಾ ಕೆಳಗಿನ ಎಡಗಡೆಯ ಕಿಟಕಿಯನ್ನು ನೋಡಿದಳು. ಅಲ್ಲಿ ಕರಿ ಬಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಇತ್ತು. ಕುಂಚ ಜಾರಿದ್ದಿರಬೇಕು. "ಅವರಿಗೆ ಮನಸ್ಸಾಗಲಿಲ್ಲ," ಎಂದಳು.

ಹಿಂಬದಿಯ ಕಾಗದದ ಮೇಲೆ ಪೆನ್ಸಿಲಿನಲ್ಲಿ ಇಂಗ್ಲಿಷಿನ ಒಂದು ಸಾಲಿತ್ತು. ಇಲ್ಲಿ ಉಂಡವರು ಇಲ್ಲೇ ಇರಲಿ, 1941. ಹೋಟೆಲಿನವರು ಗಿರಾಕಿಗಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಮಾತು ಯಾವುದಿದೆ ಎಂದುಕೊಂಡು ಪ್ರಣೀತಾ ಚಿತ್ರವನ್ನು ಕಾರಿನ ಹಿಂದಿನ ಸೀಟಿನಲ್ಲಿ ಬಾಳೆಎಲೆಯ ಪಕ್ಕ ಮಲಗಿಸಿದಳು.

*

ಗಂಡ ಅಕ್ಷಯ್ ಸತ್ತು ವರ್ಷ ತುಂಬಿತ್ತು. ಅವನ ಕಂಪನಿಯವರೇ ಪ್ರಣೀತಾಳಿಗೆ ಕಡತ ವಿಭಾಗದಲ್ಲಿ ಕೆಲಸ ಕೊಟ್ಟಿದ್ದರು. ಆರು ವರ್ಷದ ತೃಷಾಳನ್ನು ಕಟ್ಟಿಕೊಂಡು ಅವಳು ಪುತ್ತೂರಿನಿಂದ ಬಂದಳು. ಮಗುವನ್ನು ನೋಡಿಕೊಳ್ಳಲು ಅತ್ತೆ ಲೋಲಾಕ್ಷಿ ವಿಸಿಟ್ ವೀಸಾದಲ್ಲಿ ಬಂದರು. ಅವನಿದ್ದ ಫ್ಲ್ಯಾಟೇ. ಅವನು ಕೊಂಡ ಪಾತ್ರೆಗಳೇ.

ಕೊನೆಯ ಸಲ ಅವಳು ಅವನನ್ನು ನೋಡಿದ್ದು ಫೋನಿನ ಪರದೆಯಲ್ಲಿ. ಆಗ ಅವಳು ಪುತ್ತೂರಿನಲ್ಲಿದ್ದಳು. ಇಲ್ಲಿ ಮಧ್ಯಾಹ್ನ, ಅವನು ಬಂಗುಡೆ ಸಾರು ಕಲಸಿ ಉಣ್ಣುತ್ತಿದ್ದ. ಸೈಟಿನಿಂದ ಇನ್ನೊಂದು ಕರೆ ಬಂತು. ಎಡಗೈಯಲ್ಲಿ ಕಾರಿನ ಕೀಲಿ ತೆಗೆದುಕೊಂಡು, ಎಂಜಲು ಕೈಯನ್ನು ಅಂಗಿಗೆ ತಾಗದಂತೆ ಎತ್ತಿ ಹಿಡಿದು ಎದ್ದ. "ಮೊದಲು ಕೈ ತೊಳಿ ಮಾರಾಯ!" ಎಂದು ಅವಳು ಬೈದಿದ್ದಳು. "ಐದೇ ನಿಮಿಷ," ಎಂದಿದ್ದ. ಸೊಹಾರ್ ರಸ್ತೆಯಲ್ಲಿ ಲಾರಿ.

ಆಟಿ ತಿಂಗಳು ಬಂದಿತ್ತು. ಸತ್ತವರಿಗೆ ಬಡಿಸುವ ತಿಂಗಳು. ಲೋಲಾಕ್ಷಿಗೆ ಅದೊಂದೇ ಧ್ಯಾನ.

"ಅರ್ಧ ಊಟದಲ್ಲಿ ಎದ್ದವ ಅವನು. ಹಸಿದುಕೊಂಡು ಇರ್ತಾನೆ, ಮಗಾ. ಒಂದು ಎಲೆ ಹಾಕುವ."

"ಅತ್ತೆ, ಸತ್ತವರಿಗೆ ಹೊಟ್ಟೆ ಇರುವುದಿಲ್ಲ."

"ಇಲ್ಲದಿದ್ದರೆ ಇಲ್ಲ. ಎಲೆ ಹಾಕಿದ್ರೆ ನಿನ್ನದೆಂತ ಹೋಗ್ತದೆ?"

ಏನು ಹೋಗುತ್ತದೆ? ಒಂದು ರಜೆಯ ದಿನ. ಆ ಮಾತನ್ನೂ ಆಡುವಷ್ಟು ಉಮೇದು ಪ್ರಣೀತಾಳಲ್ಲಿ ಉಳಿದಿರಲಿಲ್ಲ. ಸರಿ ಅಂದಳು. ಬಾಗಿಲು ಹಾಕಬಹುದಾದ ಕೋಣೆಗಳು ಎರಡೇ. ಒಂದರಲ್ಲಿ ಲೋಲಾಕ್ಷಿ ದೇವರ ಫೋಟೊ ಇಟ್ಟಿದ್ದರು. ಅಲ್ಲಿ ಮೀನು ಬಡಿಸುವಂತಿಲ್ಲ. ಉಳಿದದ್ದು ತೃಷಾಳ ಕೋಣೆ. ಬಿಸಿಲು ತಡೆಯುವ ದಪ್ಪ ಪರದೆಗಳಿಂದ ನಡುಮಧ್ಯಾಹ್ನವೂ ಕತ್ತಲಾಗಿರುವ ಕೋಣೆ. ಹಸಿರು ಕಲೆಯ ಮೇಲೆ ಈಗ ಕಪ್ಪು ತೊಲೆಗಳ ಮನೆ ತೂಗುತ್ತಿತ್ತು. ಅದರ ಕೆಳಗೇ ಎಲೆ ಹಾಸುವಾಗ ಪ್ರಣೀತಾಳಿಗೆ ತೆರೇಸಾಳ ಮಾತು ನೆನಪಾಗಿ ಮೂಗಿನಲ್ಲೇ ನಗು ಬಂತು. ಬರಲಿ, ಯಾರು ಬೇಕಾದರೂ ಬಂದು ಉಣ್ಣಲಿ.

ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ ಸಾರು, ಗರಿಗರಿ ಕೋರಿರೊಟ್ಟಿ, ಪಕ್ಕದಲ್ಲಿ ಒಂದು ಸಿಗರೇಟು. ಲೋಲಾಕ್ಷಿ ಬಡಿಸಿ ಮುಗಿಸಿದರು. "ಕೈ ತೊಳೆಯಲಿಕ್ಕೆ ಒಂದು ಚೊಂಬು ನೀರು ಇಡು. ಮರೆಯಬೇಡ. ಕೈಗೆ ನೀರು ಸಿಗದೆ ಅವರು ಏಳುವ ಹಾಗಿಲ್ಲ."

ಮಾಳಿಗೆಯ ಟ್ಯಾಂಕಿನಿಂದ ಬರುವ ನೀರು ಆ ಹೊತ್ತಿಗೆ ಕೊತಕೊತ ಕುದಿಯುವಂತಿತ್ತು. ಪ್ರಣೀತಾ ಚೊಂಬು ತುಂಬಿಸಿ, ಆರಲಿ ಎಂದು ಮಿಕ್ಸಿಯ ಹಿಂದೆ ಇಟ್ಟು ತಟ್ಟೆ ಮುಚ್ಚಿದಳು. ಅಷ್ಟರಲ್ಲಿ ಫೋನು. ಆಫೀಸಿನ ಹಕೀಂ. ರಜೆಯ ದಿನವೂ ಅವನಿಗೆ ಯಾವುದೋ ಕಡತ ಬೇಕು. ಅದು ಎಲ್ಲಿದೆಯೆಂದು ಅವಳು ಮೂರು ಸಲ ಹೇಳಿದಳು, ಅವನು ನಾಲ್ಕು ಸಲ ಕೇಳಿದ. "ಖಲಾಸ್, ನಾನೇ ಬಂದು ಕೊಡ್ತೇನೆ!" ಎಂದು ಹಿಂದಿಯಲ್ಲಿ ಕಿರುಚಿ ಫೋನಿಡುವಷ್ಟರಲ್ಲಿ ಲೋಲಾಕ್ಷಿ ಕೋಣೆಯ ಬಾಗಿಲೆಳೆದಾಗಿತ್ತು.

ಮೂವರೂ ಹಾಲಿನಲ್ಲಿ ಕೂತರು. ಎಸಿಯ ಹನಿ ಬಕೆಟ್ಟಿಗೆ ಬೀಳುತ್ತಿತ್ತು. ಟಪ್. ಟಪ್. ಅದರ ನಡುವೆ ಇನ್ನೊಂದು ಸದ್ದು. ಒಣ ರೊಟ್ಟಿ ಮುರಿದ ಹಾಗೆ. ಆಮೇಲೆ ಯಾರೋ ಸಾರನ್ನು ಸೊರ್ರೆಂದು ಎಳೆದ ಹಾಗೆ.

"ಮೇಲಿನ ಮನೆಯವರು," ಎಂದಳು ಪ್ರಣೀತಾ.

ಲೋಲಾಕ್ಷಿಯ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ಮುಖ ಮಾತ್ರ ಮದುವೆಮನೆಯವರದ್ದು.

ಒಳಗಿದ್ದವರಿಗೆ ತಿಳಿಯಲೆಂದು ಮೂರು ಸಲ ಕೆಮ್ಮಿ ಬಾಗಿಲು ತೆರೆದರು. ಬೆಂದ ಎಲೆಕೋಸಿನ, ಕಲ್ಲಿದ್ದಲ ಹೊಗೆಯ, ಒದ್ದೆ ಉಣ್ಣೆಯ ವಾಸನೆ ತಣ್ಣಗೆ ಮುಖಕ್ಕೆ ಹೊಡೆಯಿತು. ಎಲೆ ಖಾಲಿ. ಬಂಗುಡೆಯ ಮುಳ್ಳುಗಳು ಎಲೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿದ್ದವು. ಅಕ್ಷಯ್ ಯಾವಾಗಲೂ ಹಾಗೆಯೇ ಜೋಡಿಸುತ್ತಿದ್ದ.

"ಬೆಕ್ಕು," ಎಂದಳು ಪ್ರಣೀತಾ. ಐದನೇ ಮಹಡಿ.

"ಬಂದಿದ್ದ. ನನ್ನ ಮಗ ಬಂದಿದ್ದ." ಲೋಲಾಕ್ಷಿ ಎಲೆಯ ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ರೊಟ್ಟಿಯ ಚೂರನ್ನು ಎತ್ತಿ, ಅಲ್ಲಿಯೇ, ಚಿತ್ರದ ಕೆಳಗೇ, ತೃಷಾಳ ಬಾಯಿಗಿಟ್ಟರು. "ಅಪ್ಪನ ಪ್ರಸಾದ ಮಗಾ. ತಿನ್ನು."

ತೃಷಾ ಅಗಿದು ನುಂಗಿದಳು. ಪ್ರಣೀತಾ ಸುಮ್ಮನೆ ತಲೆಯೆತ್ತಿದಳು. ಮೇಲಂತಸ್ತಿನ ನಡುವಿನ ಕಿಟಕಿಯ ಕರಿ ಬಟ್ಟೆಯಂಚಿನಲ್ಲಿ ಹಳದಿ ಗೆರೆಯೊಂದಿತ್ತು. ಬೆಳಿಗ್ಗೆ ಅದು ಇರಲಿಲ್ಲ.

*

ಮರುದಿನದಿಂದ ತೃಷಾ ಊಟ ಬಿಟ್ಟಳು.

"ಐ ಆಮ್ ಫುಲ್, ಮಮ್ಮಾ."

"ಎಲ್ಲಿ ಉಂಡೆ?"

"ಪಪ್ಪನ ಹೋಟೆಲಲ್ಲಿ. ದೇರ್ ಇಸ್ ಆನ್ ಆಂಟಿ. ಅವರು ಬಡಿಸ್ತಾರೆ, ಬಡಿಸ್ತಾರೆ... ಸಾಕು ಅಂದ್ರೂ ನಿಲ್ಲಿಸುವುದಿಲ್ಲ."

ಹೊರಗೆ ನಲವತ್ತಾರು ಡಿಗ್ರಿ. ಮಗುವಿನ ಕೈ ಮಂಜಿನಷ್ಟು ತಣ್ಣಗಿತ್ತು. ತಲೆಗೂದಲಲ್ಲಿ ಕಲ್ಲಿದ್ದಲ ಹೊಗೆ. ಡಾಕ್ಟರು ರಕ್ತ ತೆಗೆದರು, ಎಲ್ಲ ಸರಿಯಿದೆ ಎಂದರು, ವಿಟಮಿನ್ ಬರೆದುಕೊಟ್ಟರು. ಇನ್ನೊಬ್ಬ ಡಾಕ್ಟರು ಅದೇ ವಿಟಮಿನ್ನನ್ನು ಬೇರೆ ಹೆಸರಿನಲ್ಲಿ ಬರೆದರು. ತೆರೇಸಾಳಿಗೆ ಫೋನು ಮಾಡಿದರೆ ನಂಬರು ಬಂದ್ ಆಗಿತ್ತು. ವಿಲ್ಲಾಕ್ಕೆ ಹೋದರೆ ಗೇಟಿಗೆ ಬೀಗ. ಪ್ರಣೀತಾ ಚಿತ್ರವನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಇಟ್ಟಳು. ಆಫೀಸಿನಿಂದ ಬಂದು ನೋಡಿದರೆ ತೃಷಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಬೆಳಿಗ್ಗೆಯಿಂದ ಹಾಗೇ ನಿಂತಿದ್ದಾಳೆ ಎಂದರು ಲೋಲಾಕ್ಷಿ. ಕೆಳಗೆ ಕಸದ ಡಬ್ಬಿಗೆ ಎಸೆದು ಬಂದಳು. ಲಿಫ್ಟು ಐದನೇ ಮಹಡಿ ಮುಟ್ಟುವ ಮೊದಲೇ ಮಗು ಪ್ರಜ್ಞೆ ತಪ್ಪಿತ್ತು. ಮತ್ತೆ ಇಳಿದು, ಕೊಳೆತ ಕಲ್ಲಂಗಡಿಯ ನಡುವಿನಿಂದ ಚಿತ್ರ ಎತ್ತಿ ತಂದಳು. ಅದನ್ನು ನೋಡಿ ಅಲಿ, "ಎಸಿ ಬುಕ್ರಾ, ಸಿಸ್ಟರ್" ಎಂದ. ಅವನ ಮುಖಕ್ಕೇ ಅದನ್ನು ಬಡಿಯಬೇಕೆನಿಸಿತು.

ಯಾವುದಕ್ಕೆ ಕೈ ಹಾಕಿದರೂ ಮುಚ್ಚಿದ ಬಾಗಿಲು. ಒಂದಾದ ಮೇಲೊಂದು.

ಕಿಟಕಿಗಳನ್ನು ಅವಳು ದಿನವೂ ಎಣಿಸುತ್ತಿದ್ದಳು. ಮೇಲಿನ ನಡುಕಿಟಕಿಯ ಪಕ್ಕದ್ದರಲ್ಲಿ ಮೂರನೆಯ ಗೆರೆ ಮೂಡಿತ್ತು. ಮಸುಕು. ದಿನದಿನಕ್ಕೆ ಹೊಳಪೇರುತ್ತಿತ್ತು.

"ಅವನು ಹೋಗಲಿಲ್ಲ, ಅತ್ತೆ," ಎಂದಳು ಗುರುವಾರ, ತೆರೇಸಾ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದ ಮೇಲೆ. ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. "ಅವಳನ್ನೂ ಕರ್ಕೊಳ್ತಿದ್ದಾನೆ."

"ಅವನು ಯಾಕೆ ಕರ್ಕೊಳ್ತಾನೆ? ಅಪ್ಪ ಅಲ್ವಾ ಅವನು?" ಲೋಲಾಕ್ಷಿ ಚಿತ್ರದ ಗಾಜನ್ನು ಸೆರಗಿನಿಂದ ಒರೆಸಿದರು. "ಇಲ್ಲಿ ಇದ್ದಾನೆ. ಅಷ್ಟು ಸಾಕು ನನಗೆ. ನಿನಗೆ ಬೇಡ್ವಾ?"

ಬೇಕು ಎನ್ನಲು ಪ್ರಣೀತಾಳಿಗೆ ಒಂದು ವರ್ಷದಿಂದ ಬಾಯಿ ಬರುತ್ತಿರಲಿಲ್ಲ. ಬೇಡ ಎನ್ನಲೂ.

*

ಶುಕ್ರವಾರ ಮಧ್ಯಾಹ್ನ. ಪಕ್ಕದ ಮಸೀದಿಯ ಪ್ರಾರ್ಥನೆ ಮುಗಿದು ಕಾರುಗಳು ಹೊರಟ ಸದ್ದು. ಪರದೆ ಎಳೆದ ಕೋಣೆ. ತೃಷಾ ಮಲಗಿದ್ದಳು, ಕಣ್ಣು ತೆರೆದುಕೊಂಡೇ. ತುಟಿ ನೀಲಿ. ಉಸಿರು ಇದೆಯೋ ಇಲ್ಲವೋ.

ಪ್ರಣೀತಾ ಆಂಬುಲೆನ್ಸಿಗೆ ಫೋನು ಮಾಡಿದಳು. ದಾರಿಯಲ್ಲಿದೆ ಎಂದರು. ಫೋನಿನ ಟಾರ್ಚು ಹಚ್ಚಿ ಚಿತ್ರದ ಹತ್ತಿರ ಹೋದಳು.

ನಡುಕಿಟಕಿಯ ಕರಿ ಬಟ್ಟೆ ಸರಿದಿತ್ತು. ಒಳಗೆ ಹಳದಿ ಬೆಳಕು. ಬೆರಳುಗುರಿನಷ್ಟು ಗಾತ್ರದ ಮನುಷ್ಯ. ನೀಲಿ ಅಂಗಿ. ಅಂಗಿಗೆ ತಾಗದಂತೆ ಎತ್ತಿ ಹಿಡಿದ ಬಲಗೈ.



ಪಕ್ಕದ ಕಿಟಕಿಯಲ್ಲಿ ಪುಟ್ಟ ತಲೆ, ಎರಡು ಜಡೆ. ಅವಳದ್ದೂ ಬಲಗೈ ಮೇಲೆ. ಎದುರಿನ ತಟ್ಟೆ ಖಾಲಿ. ಅವರ ಹಿಂದೆ, ಬೆಳಕು ಮುಟ್ಟದ ಕಡೆ, ಸೌಟು ಹಿಡಿದ ಉದ್ದನೆಯ ಹೆಂಗಸು.

ಅವನು ಮಗುವನ್ನು ಕರೆದುಕೊಳ್ಳುತ್ತಿರಲಿಲ್ಲ. ಅವನು ಕಾಯುತ್ತಿದ್ದ. ಊಟ ಮುಗಿಸಿ, ಬೆರಳುಗಳ ಮೇಲೆ ಸಾರು ಒಣಗಿಸಿಕೊಂಡು, ಒಂದು ವಾರದಿಂದ ಕಾಯುತ್ತಿದ್ದ. ಕೈಗೆ ನೀರು ಸಿಗದೆ ಅವರು ಏಳುವ ಹಾಗಿಲ್ಲ.

ಚೊಂಬು! ಚೊಂಬನ್ನು ಅವಳು ಇಡಲೇ ಇಲ್ಲ.

ಅಡುಗೆಮನೆಗೆ ಓಡಿದಳು. ನಲ್ಲಿ ತಿರುಗಿಸಿದಳು, ಕುದಿನೀರು ಕೈ ಸುಟ್ಟಿತು. ಈ ನೀರನ್ನು ಯಾರ ಕೈಗೆ ಹಾಕುವುದು? ಮಿಕ್ಸಿಯ ಹಿಂದೆ ತಟ್ಟೆ ಮುಚ್ಚಿದ ಚೊಂಬು, ಇಟ್ಟ ಹಾಗೇ ಇತ್ತು. ತಣ್ಣಗೆ. ಎತ್ತಿಕೊಂಡಳು. ಲೋಲಾಕ್ಷಿ ಅಲ್ಲೇ ನೆಲದಲ್ಲಿ ತಟ್ಟೆ ಮುಂದಿಟ್ಟುಕೊಂಡು ಅನ್ನಕ್ಕೆ ಸಾರು ಕಲಸುತ್ತಿದ್ದರು.

"ಎಂತ ಮಾಡ್ತಿ?"

"ಅವನ ಕೈಗೆ ನೀರು ಕೊಡ್ತೇನೆ."

ಲೋಲಾಕ್ಷಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ತಟ್ಟೆ ಹಿಡಿದುಕೊಂಡೇ ಹಿಂದೆ ಓಡಿಬಂದರು. "ಬೇಡ! ನೀರುಬಣ್ಣ ಅದು, ಅಳಿಸಿ ಹೋಗ್ತಾನೆ! ಎರಡನೇ ಸಲ ನನ್ನ ಮಗನನ್ನು ಕೊಲ್ಲಬೇಡ ಪ್ರಣೀತಾ!"

"ನನ್ನ ಮಗಳು ಅತ್ತೆ!"

ಚಿತ್ರವನ್ನು ಗೋಡೆಯಿಂದ ಕಿತ್ತು ನೆಲಕ್ಕೆ ಹಾಕಿದಳು. ಗಾಜು ಒಡೆಯಿತು. ಚೂರುಗಳನ್ನು ಬರಿಗೈಯಿಂದ ಎಳೆದಳು. ರಕ್ತ. ಕಾಗದ ಬಿಚ್ಚಿಕೊಂಡಿತು. ಎಲೆಕೋಸಿನ ವಾಸನೆ ಉಸಿರು ಕಟ್ಟಿಸಿತು. ಮರದ ಮೆಟ್ಟಿಲ ಮೇಲೆ ಯಾರೋ ಇಳಿಯುವ ಸದ್ದು. ಗಡ. ಗಡ. ಕಾಗದದ ಒಳಗಿನಿಂದ.

ಅವನು ಅವಳನ್ನು ನೋಡಿದ. ಅಷ್ಟು ಚಿಕ್ಕ ಮುಖದಲ್ಲಿ ಕಣ್ಣುಗಳು ಕಾಣುವಂತಿರಲಿಲ್ಲ. ಆದರೂ ನೋಡಿದ.

ಚೊಂಬು ಎತ್ತಿದಳು. ಸುರಿದರೆ ಅವನಿಲ್ಲ. ಈ ಬೆರಳುಗುರಿನಷ್ಟೂ ಇಲ್ಲ.

ಹಾಸಿಗೆಯ ಮೇಲೆ ಗೊರ್ರೆಂದಿತು. ಮಗುವಿನ ಉಸಿರು. ಮತ್ತೆ ಇಲ್ಲ.

"ಕೈ ತೊಳಿ ಮಾರಾಯ," ಎಂದಳು.

ಚೊಂಬು ಬಾಗಿತು. ಅದೇ ಕ್ಷಣ ಅವಳ ಪಕ್ಕದಲ್ಲಿ ಲೋಲಾಕ್ಷಿ ಚಕ್ಕಳಮಕ್ಕಳ ಹಾಕಿ ಕೂತರು. ಒಡೆದ ಗಾಜಿನ ಮೇಲೆಯೇ. ಚಿತ್ರದ ಎದುರಿಗೆ ತಟ್ಟೆ ಇಟ್ಟುಕೊಂಡರು. ಒಂದು ದೊಡ್ಡ ತುತ್ತು ಬಾಯಿಗೆ ತುರುಕಿದರು.

"ನಾನು ಅವನೊಟ್ಟಿಗೆ ಇರ್ತೇನೆ."

ಕೆಳಗಿನ ಸಾಲಿನಲ್ಲಿ, ಬಲತುದಿಯ ಕಿಟಕಿಯಲ್ಲಿ, ನಾಲ್ಕನೆಯ ಗೆರೆ ಥಟ್ಟನೆ ಹೊತ್ತಿತು.

ಪ್ರಣೀತಾ ನೋಡಿದಳು. ಚೊಂಬು ಇನ್ನೂ ಪೂರ್ತಿ ಬಾಗಿರಲಿಲ್ಲ. ನಿಲ್ಲಿಸಬಹುದಿತ್ತು.

ಸುರಿದಳು.

ಕಪ್ಪು ತೊಲೆಗಳು ಕರಗಿದವು. ಗೋಡೆ ಇಳಿಯಿತು. ಬಾಗಿಲು ಕಂದು ನೀರಾಗಿ ಹರಿಯಿತು. ನಡುಕಿಟಕಿಯಲ್ಲಿ ಎತ್ತಿದ ಕೈ ನೀರಿಗೆ ಚಾಚಿತು, ಒಂದರ ಮೇಲೊಂದು ಎರಡೂ ಕೈ ಉಜ್ಜಿತು, ಕಿಟಕಿಯ ಬೆಳಕು ಆರಿತು. ಪಕ್ಕದ ಪುಟ್ಟ ಕೈಯೂ ತೊಳೆದುಕೊಂಡಿತು, ಆ ಬೆಳಕೂ ಆರಿತು. ಕೆಳಗಿನ ಎಡಗಡೆಯ ಹಳೆಯ ಗೆರೆಯೂ ಆರಿತು. ಎಲ್ಲೋ ಹೆಂಗಸೊಬ್ಬಳು ಉದ್ದಕ್ಕೆ ಕೂಗಿದಳು. ಸೌಟು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಎಸಿಯ ಹನಿ ಮಾತ್ರ. ಟಪ್. ಟಪ್.

ಹಾಸಿಗೆಯ ಮೇಲೆ ತೃಷಾ ಎದ್ದು ಕೂತು ಕಾರಿಕೊಂಡಳು. ಬೂದುಬಣ್ಣದ ನೀರು, ಬೆಂದ ಎಲೆಕೋಸು. "ಮಮ್ಮಾ, ಹಸಿವು," ಎಂದಳು.

*

ಪಾರ್ಶ್ವವಾಯು ಎಂದರು ಡಾಕ್ಟರು. ಈ ವಯಸ್ಸಿನಲ್ಲಿ, ಈ ಬಿಸಿಲಿನಲ್ಲಿ, ಆಗುವುದುಂಟು ಎಂದರು. ಆಂಬುಲೆನ್ಸ್ ಬಂದದ್ದು ಮಗುವಿಗೆಂದು. ಎತ್ತಿಕೊಂಡು ಹೋದದ್ದು ಅಜ್ಜಿಯನ್ನು.

ಲೋಲಾಕ್ಷಿ ಈಗ ಮನೆಯಲ್ಲಿದ್ದಾರೆ. ಉಸಿರಾಡುತ್ತಾರೆ, ಕೂರಿಸಿದಲ್ಲಿ ಕೂರುತ್ತಾರೆ, ಕಣ್ಣು ತೆರೆದಿರುತ್ತದೆ. ಕರೆದರೆ ತಿರುಗುವುದಿಲ್ಲ. ಬಲಗೈ ಮಾತ್ರ ಬಾಯಿಯ ಹತ್ತಿರ, ತುತ್ತು ಹಿಡಿದ ಹಾಗೆ, ಅರ್ಧಕ್ಕೆ ನಿಂತಿದೆ. ಅವರ ಊಟ ಮುಗಿದಿಲ್ಲ. ಊಟದ ನಡುವೆ ಕೈಗೆ ನೀರು ಸುರಿದರೆ ಯಾರು ಏಳುತ್ತಾರೆ? ಆದರೂ ಪ್ರಣೀತಾ ದಿನವೂ ಮಧ್ಯಾಹ್ನ ಆರಿಸಿದ ನೀರು ತಂದು ಆ ಬೆರಳುಗಳ ಮೇಲೆ ಹಾಕುತ್ತಾಳೆ. "ಕೈ ತೊಳೀರಿ ಅತ್ತೆ," ಎನ್ನುತ್ತಾಳೆ. ಕೈ ಇಳಿಯುವುದಿಲ್ಲ.

ಎಸಿ ರಿಪೇರಿಯಾಯಿತು. ಅಲಿ ತಾನೇ ಮೆಕ್ಯಾನಿಕನನ್ನು ಕರೆದುಕೊಂಡು ಬಂದಿದ್ದ. ಮೆಕ್ಯಾನಿಕ್ ಏಣಿ ಇಡಲು ಜಾಗ ಮಾಡುತ್ತಾ, ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟಿದ್ದ ಕಾಗದವನ್ನು ಹೊರಗೆಳೆದ. ಸೊಟ್ಟಗೆ ಒಣಗಿದ ಬಿಳಿ ಕಾಗದ. ತೊಲೆಗಳಿಲ್ಲ, ಗೋಡೆಯಿಲ್ಲ, ಬಾಗಿಲಿಲ್ಲ. ಕೆಳಗೆ ಬಲತುದಿಯಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ.

"ಕಚರಾ ಹೈ ಕ್ಯಾ, ಸಿಸ್ಟರ್? ಎಸೆಯಲಾ?" ಎಂದು ಅಲಿ ಕೈಸನ್ನೆ ಮಾಡಿದ.

ಸುಟ್ಟು ಬಿಡಬಹುದಿತ್ತಲ್ಲ, ಎಂದು ತಾನೇ ಕೇಳಿದ್ದಳು.

"ಬೇಡ," ಎಂದಳು ಪ್ರಣೀತಾ. ಕಾಗದವನ್ನು ಮೆಕ್ಯಾನಿಕನ ಕೈಯಿಂದ ತೆಗೆದುಕೊಂಡು, ಮತ್ತೆ ಬೀರುವಿನ ಹಿಂದೆ, ಗೋಡೆಗೆ ಮುಖ ಮಾಡಿ ಇಟ್ಟಳು. ಮೆಕ್ಯಾನಿಕ್ ಜೇಬಿನಿಂದ ಖರ್ಜೂರ ತೆಗೆದು ಬಾಯಿಗೆ ಹಾಕಲು ಹೊರಟಿದ್ದ. ಅವಳು ಹಾರಿ ಅವನ ಕೈ ಹಿಡಿದಳು.

"ಇಲ್ಲಿ ಬೇಡ," ಎಂದಳು. "ಹೊರಗೆ ಹೋಗಿ ತಿನ್ನು."

ಅವನು ಅಲಿಯ ಮುಖ ನೋಡಿ ನಕ್ಕ.